ಗೊತ್ತಿಲ್ಲದವರ ರಾಶಿ

ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಬಸ್ಸನ್ನು ನಂಬಿದರೆ ಮೊದಲ ಪಿರಿಯಡ್ ತಪ್ಪುತ್ತದೆಂದು ಹಳೆಯ ಸ್ಕೂಟಿಯೊಂದನ್ನು ಕೊಂಡಿದ್ದೆ. ಅದು ಬಸ್ಸಿಗಿಂತ ಹೆಚ್ಚು ಕೈಕೊಡುತ್ತಿತ್ತು. ಹಾಗಾಗಿ ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಗ್ಯಾರೇಜು ನನಗೆ ಕಾಲೇಜಿನ ಸ್ಟಾಫ್ ರೂಮಿಗಿಂತ ಹೆಚ್ಚು ಬಳಕೆಯ ಜಾಗವಾಗಿತ್ತು. ಅಲ್ಲಿನ ಮೆಕ್ಯಾನಿಕ್ಕನ್ನು ಊರೆಲ್ಲ ಭಾಯ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

ಗ್ಯಾರೇಜಿನ ಬಾಗಿಲಲ್ಲಿ, ಯಾವುದೋ ಬೈಕಿನಿಂದ ಕಳಚಿಟ್ಟ ಸೀಟಿನ ಮೇಲೆ ಭಾಯ್ ಅವರ ಮಗಳು ಕೂತಿರುತ್ತಿದ್ದಳು. ಆಗ ಎರಡನೇ ಕ್ಲಾಸು. ನನ್ನ ಹೆಲ್ಮೆಟ್ಟಿನಿಂದ ಹಿಡಿದು ನನ್ನ ಟಿಫಿನ್ ಡಬ್ಬಿಯವರೆಗೆ ಎಲ್ಲದರ ಬಗ್ಗೆಯೂ ಅವಳಿಗೆ ಪ್ರಶ್ನೆಗಳಿದ್ದವು. "ಟೀಚರ್, ಇವತ್ತು ರೊಟ್ಟಿಗೆ ಏನು ಪಲ್ಯ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಒಂದು ಸೋಮವಾರ ನಾನು ಹೋದಾಗ ಅವಳು ಏನೂ ಕೇಳಲಿಲ್ಲ. ಗೋಡೆಗೆ ತಲೆ ಆನಿಸಿಕೊಂಡು ಸುಮ್ಮನೆ ನೋಡಿದಳು. ತುಟಿ ಸುಣ್ಣದ ಹಾಗಿತ್ತು.

"ಆರಾಮಿಲ್ಲೇನು?" ಎಂದೆ.

ಭಾಯ್ ಕೈಯಲ್ಲಿದ್ದ ಪ್ಲಗ್ ಒರೆಸುತ್ತಲೇ ಹೇಳಿದರು: "ಮಾತು ಕಮ್ಮಿ ಆತಂದ್ರ ರಕ್ತ ಕಮ್ಮಿ ಆತಂತ ಲೆಕ್ಕ ಮೇಡಂ. ನಾಳಿ ಹೊಸಪೇಟಿಗೆ ಹೋಗಬೇಕು. ಇನ್ನೂ ಮಂದಿ ಸಿಕ್ಕಿಲ್ಲ."

ಅವತ್ತು ನನಗೆ ತಿಳಿದದ್ದು ಇಷ್ಟು. ಆ ಹುಡುಗಿಗೆ ಥಲಸ್ಸೀಮಿಯಾ. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನು ಸರಿಯಾಗಿ ಮಾಡಿಕೊಳ್ಳುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು, ಬದುಕಿರುವವರೆಗೂ. ಅವಳದು ಓ ನೆಗೆಟಿವ್. ಆ ಗುಂಪಿನವರಿಗೆ ಆ ಗುಂಪಿನವರ ರಕ್ತವೇ ಆಗಬೇಕು, ಮತ್ತು ಆ ಗುಂಪಿನವರು ನಮ್ಮ ಕಡೆ ಬಹಳ ಕಡಿಮೆ. ಬ್ಲಡ್ ಬ್ಯಾಂಕಿನಲ್ಲಿ ಒಮ್ಮೊಮ್ಮೆ ಇರುತ್ತದೆ, ಹೆಚ್ಚಿನ ಸಲ ಕೊಡುವವರನ್ನು ನಾವೇ ಕರೆದುಕೊಂಡು ಹೋಗಬೇಕು.

ಭಾಯ್ ತಮ್ಮ ಫೋನು ತೆಗೆದು ತೋರಿಸಿದರು. ಅದರಲ್ಲಿ ಜನರ ಹೆಸರುಗಳೇ ಇರಲಿಲ್ಲ. "ಬ್ಲಡ್ ಹಡಗಲಿ ಹೂವು", "ಬ್ಲಡ್ ಕೂಡ್ಲಿಗಿ ಮೇಷ್ಟ್ರು", "ಬ್ಲಡ್ ತಂಬ್ರಹಳ್ಳಿ ಸಣ್ಣಾವ", "ಬ್ಲಡ್ ಹರಪನಹಳ್ಳಿ ಎತ್ತೂದಿಲ್ಲ". ಹೀಗೆ ಬೆರಳು ಸರಿಸಿದಷ್ಟೂ ಬಂದವು. ಯಾರು ಯಾವಾಗ ಕೊಟ್ಟಿದ್ದಾರೆ, ಯಾರು ಮತ್ತೆ ಕೊಡಬಹುದು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಒಮ್ಮೆ ಕೊಟ್ಟವರು ಮೂರು ತಿಂಗಳು ಕೊಡುವ ಹಾಗಿಲ್ಲ. ನೆನಪು ತಪ್ಪಿದ ದಿನ ಕೊಟ್ಟವರಿಗೇ ಮತ್ತೆ ಫೋನು ಹೋಗುತ್ತಿತ್ತು, ಅವರು ಬೇಸರ ಮಾಡಿಕೊಳ್ಳುತ್ತಿದ್ದರು.

"ಇದನ್ನ ನನಗ ಕೊಡ್ರಿ ಭಾಯ್. ಕಂಪ್ಯೂಟರಿನಾಗ ಹಾಕ್ತೀನಿ," ಎಂದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಗೊತ್ತಿರಲಿಲ್ಲ.

ಹಾಕುವುದು ಸುಲಭವೆಂದುಕೊಂಡಿದ್ದೆ. ಒಬ್ಬೊಬ್ಬರಿಗೆ ಒಂದೊಂದು ದಾಖಲೆ, ಅದರಲ್ಲಿ ಊರು, ಗುಂಪು, ವಯಸ್ಸು, ಕೊನೆಯ ಸಲ ರಕ್ತ ಕೊಟ್ಟ ದಿನ. ಆಮೇಲೆ ಷರತ್ತು ಹಾಕಿ ಸೋಸಬೇಕು. ಈ ಗುಂಪಿನವರು, ಈ ಐದು ತಾಲೂಕಿನವರು, ಮೂರು ತಿಂಗಳಿಂದ ಕೊಡದವರು. ಇಂಥ ಕೆಲಸಕ್ಕೆ ಜಗತ್ತಿನಲ್ಲಿ ದೊಡ್ಡ ದೊಡ್ಡ ಸಾಧನಗಳಿವೆ. ನನಗೆ ಬೇಕಾಗಿದ್ದದ್ದು ಭಾಯ್ ಅವರ ಅಗ್ಗದ ಫೋನಿನಲ್ಲೂ ಓಡುವ ಚಿಕ್ಕದೊಂದು. ಹುಡುಕಿ ಸಾಕಾಗಿ ನಾನೇ ಬರೆಯಲು ಕೂತೆ. ಪ್ರೋಗ್ರಾಂ ಬರೆಯುವವರು ಇಂಥ ತುಣುಕನ್ನು ಲೈಬ್ರರಿ ಅನ್ನುತ್ತೇವೆ. ಓದುವ ಪುಸ್ತಕಗಳಿಗೂ ಇದಕ್ಕೂ ಸಂಬಂಧವಿಲ್ಲ. ಭಾಯ್ ಗಾಡಿಗೆ ಹಾಕುವ ಬೇರಿಂಗನ್ನು ತಾವೇ ಎರಕ ಹೊಯ್ಯದೆ ಅಂಗಡಿಯಿಂದ ತಂದು ಕೂರಿಸುತ್ತಾರಲ್ಲ, ಹಾಗೆ ಒಬ್ಬರು ಮಾಡಿಟ್ಟದ್ದನ್ನು ಇನ್ನೊಬ್ಬರು ತಮ್ಮ ಪ್ರೋಗ್ರಾಮಿನಲ್ಲಿ ಕೂರಿಸಿಕೊಳ್ಳುವ ಸಿದ್ಧ ಸಾಮಾನು ಅದು.

ಬರೆಯಲು ಶುರುಮಾಡಿದ ಮೇಲೆ ನಮ್ಮ ಊರುಗಳು ನನ್ನನ್ನು ಆಟ ಆಡಿಸಿದವು. ಒಬ್ಬರು ಹಡಗಲಿ ಎಂದು ಕೊಟ್ಟಿದ್ದರು, ಇನ್ನೊಬ್ಬರು ಹೂವಿನಹಡಗಲಿ, ಮತ್ತೊಬ್ಬರು ನಡುವೆ ಜಾಗ ಬಿಟ್ಟು ಹೂವಿನ ಹಡಗಲಿ. ಕಂಪ್ಯೂಟರಿಗೆ ಇವು ಮೂರು ಬೇರೆ ಊರು. ನಮ್ಮೂರನ್ನು ಅರ್ಧ ಜನ ಎಚ್.ಬಿ. ಹಳ್ಳಿ ಎಂದೇ ಬರೆದಿದ್ದರು. ಹರಪನಹಳ್ಳಿಯವರ ಪಾಡು ಇನ್ನೊಂದು ಥರ. ಕೆಲವರು ಜಿಲ್ಲೆ ದಾವಣಗೆರೆ ಅಂದಿದ್ದರು, ಕೆಲವರು ಬಳ್ಳಾರಿ, ಚಿಕ್ಕ ವಯಸ್ಸಿನವರು ವಿಜಯನಗರ. ಅವರು ಯಾರೂ ಸುಳ್ಳು ಹೇಳಿರಲಿಲ್ಲ. ಊರು ಇದ್ದಲ್ಲೇ ಇತ್ತು, ಜಿಲ್ಲೆ ಬದಲಾಗುತ್ತ ಹೋಗಿತ್ತು.

ಅದಕ್ಕಿಂತ ದೊಡ್ಡ ತೊಡಕೆಂದರೆ ಖಾಲಿ ಬಿಟ್ಟ ಜಾಗಗಳು. ಕೊನೆಯ ಸಲ ಯಾವಾಗ ಕೊಟ್ಟಿರಿ ಎಂದರೆ ಎಷ್ಟೋ ಜನಕ್ಕೆ ನೆನಪಿಲ್ಲ. ಸಾಮಾನ್ಯವಾಗಿ ಸೋಸುವ ಸಾಧನಗಳು ಖಾಲಿ ಕಂಡರೆ ಆ ದಾಖಲೆಯನ್ನೇ ಹೊರಗೆ ಹಾಕುತ್ತವೆ. ಹಾಗೆ ಮಾಡಿದರೆ ನನ್ನ ಕೈಯಲ್ಲಿ ಮೂರು ನಾಲ್ಕು ಜನ ಮಾತ್ರ ಉಳಿಯುತ್ತಿದ್ದರು. ಅದಕ್ಕೆ ನಾನು ಎರಡು ರಾಶಿಯ ಬದಲು ಮೂರು ರಾಶಿ ಮಾಡಿದೆ. ಹೌದು ಎಂಬವರದು ಒಂದು, ಅಲ್ಲ ಎಂಬವರದು ಒಂದು, ಗೊತ್ತಿಲ್ಲದವರದು ಒಂದು. ಮೊದಲನೆಯ ರಾಶಿ ಮುಗಿದರೆ ಮೂರನೆಯದಕ್ಕೆ ಫೋನು ಮಾಡಬೇಕು, ಕೇಳಿ ತಿಳಿದುಕೊಳ್ಳಬೇಕು. ಆ ಲೈಬ್ರರಿಯಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಅದೊಂದೇ.

ಅದು ಕೆಲಸ ಮಾಡಿತು. ಮೊದಲ ತಿಂಗಳು ಬಂದವರು ಹಡಗಲಿಯ ಮಲ್ಲಿಗೆ ವ್ಯಾಪಾರಿ. ಹೂವಿನ ಬುಟ್ಟಿಗಳನ್ನು ಬೆಳಗಿನ ಬಸ್ಸಿಗೆ ಏರಿಸಿ, ಅದೇ ಬಸ್ಸಿನಲ್ಲಿ ತಾವೂ ಕೂತು ಹೊಸಪೇಟೆಗೆ ಬಂದಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಪಕ್ಕ ಕೂತರೆ ಮಲ್ಲಿಗೆ ವಾಸನೆ. ಹುಡುಗಿ ಆಮೇಲೆ ಎಷ್ಟೋ ದಿನ "ನನ್ನ ಮೈಯಾಗ ಹೂವಿನ ರಕ್ತ ಐತಿ" ಎಂದು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಲೈಬ್ರರಿಯನ್ನು ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ಟಿನಲ್ಲಿ ಇಟ್ಟೆ. ಯಾವುದೋ ದೂರದ ದೇಶದವನೊಬ್ಬ ತಮ್ಮ ಪಟ್ಟಣದ ರಸ್ತೆ ಬದಿಯ ಮರಗಳ ದಾಖಲೆ ಸೋಸಲು ಅದನ್ನು ಬಳಸುತ್ತಿದ್ದೇನೆ, ಗೊತ್ತಿಲ್ಲದ್ದರ ರಾಶಿಯಿಂದ ಬಹಳ ಉಪಯೋಗವಾಯಿತು ಎಂದು ಬರೆದ. ಭಾಯ್‌ಗೆ ಓದಿ ಹೇಳಿದೆ. ಅವರು ನಕ್ಕರು. "ಚಲೋ ಆತು ಬಿಡ್ರಿ. ಅವಂಗ ಮರ ಸಿಗ್ತಾವು. ಮರ ಎಲ್ಲೂ ಓಡಿ ಹೋಗೂದಿಲ್ಲ."

ಎರಡನೆಯ ವರ್ಷ ಇಟ್ಟಿಗಿ ಎಂಬ ಊರಿನ ಒಂದು ನಂಬರಿಗೆ ಫೋನು ಮಾಡಿದೆ. ಹಡಗಲಿಯ ಹೂವಿನವರು ಕೊಟ್ಟಿದ್ದ ನಂಬರು, ಹಿಂದೊಮ್ಮೆ ಎಲ್ಲೋ ರಕ್ತ ಕೊಟ್ಟಿದ್ದ ಒಬ್ಬ ಯುವಕನದು. ಎತ್ತಿದ್ದು ವಯಸ್ಸಾದ ಹೆಂಗಸಿನ ದನಿ.

"ಯಾರವ್ವ?"

"ರಕ್ತದ ಸಲುವಾಗಿ ಮಾಡೀನ್ರಿ. ಕೊಟ್ಟೂರಾಗ ಒಬ್ಬಾಕಿ ಸಣ್ಣ ಹುಡುಗಿ ಅದಾಳ. ನಿಮ್ಮ ಮಗನ ಗುಂಪು ಆಕಿಗೆ ಕೂಡತೈತಿ."

"ಅವ ಇಲ್ಲವ್ವ."

"ಯಾವಾಗ ಬರ್ತಾರ್ರಿ?"

ಆಕಡೆ ಎಮ್ಮೆ ಕೂಗುವುದು ಕೇಳಿಸಿತು. "ಹೋಗಿಬಿಟ್ಟಾನವ್ವ. ಹೋದ ವರ್ಷ, ಗಣಪತಿ ಹಬ್ಬದ ಮುಂದ. ಗಾಡಿ ಮ್ಯಾಲಿಂದ ಬಿದ್ದ. ಫೋನು ನಾನ ಇಟಗೊಂಡೀನಿ."

"ಗೊತ್ತಿರಲಿಲ್ರಿ ಯವ್ವಾ. ಹೆಸರು ತೆಗೆದುಬಿಡ್ತೀನಿ, ಇನ್ನ ಫೋನು ಬರಂಗಿಲ್ಲ."

"ತೆಗೀಬ್ಯಾಡ," ಎಂದರು ಆಕೆ ತಟ್ಟನೆ. "ಎಲ್ಲಾ ಕಡಿ ತೆಗದ್ರು. ರೇಷನ್ ಕಾರ್ಡಿನಾಗ ತೆಗದ್ರು, ಓಟಿನ ಪಟ್ಟಿಯಾಗ ತೆಗದ್ರು. ನಿನ್ನ ಕಡಿ ಇದ್ರ ನಿನಗೇನು ಭಾರ? ಇರ್ಲಿ. ಆ ಹುಡುಗಿಗೆ ರಕ್ತ ಸಿಕ್ತೋ ಇಲ್ಲೋ ನನಗೊಂದು ಮಾತು ತಿಳಸು."

ತೆಗೆಯಲು ಒಂದು ಸಾಲು ಸಾಕಿತ್ತು. ಬದುಕಿರುವವರು ಮಾತ್ರ ಎಂದು ಒಂದು ಷರತ್ತು ಸೇರಿಸಿದರೆ ಮುಗಿಯಿತು. ನಾನು ಸೇರಿಸಲಿಲ್ಲ. ಆದರೆ ಕೊಟ್ಟು ಬಹಳ ದಿನವಾದವರ ಹೆಸರು ಮೇಲೆ ಬರುವಂತೆ ನಾನು ಮೊದಲೇ ಬರೆದಿದ್ದೆ. ಹಾಗಾಗಿ ತಿಂಗಳು ಕಳೆದಂತೆ ಆ ಹುಡುಗನ ಹೆಸರು ಮೇಲೇರಿತು. ಕೊನೆಗೆ ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಅವನದೇ ಬರತೊಡಗಿತು. ಕಂಪ್ಯೂಟರಿನ ಲೆಕ್ಕದಲ್ಲಿ ಅವನಷ್ಟು ಯೋಗ್ಯ ಇನ್ನೊಬ್ಬನಿರಲಿಲ್ಲ. ಪ್ರತಿ ಸಲ ಆ ಸಾಲು ದಾಟಿ ಕೆಳಗಿನವರನ್ನು ಕೇಳುತ್ತಿದ್ದೆ. ಆದರೂ ತಿಂಗಳಿಗೊಮ್ಮೆ ಆ ನಂಬರಿಗೆ ಫೋನು ಮಾಡುತ್ತಿದ್ದೆ. ಈ ಸಲ ಕೂಡ್ಲಿಗಿಯವರು ಬಂದರು, ಈ ಸಲ ತಂಬ್ರಹಳ್ಳಿಯವರು ಬಂದರು ಎಂದು ಹೇಳುತ್ತಿದ್ದೆ. ಆಕೆ ಹುಡುಗಿ ಏನು ಉಂಡಳು, ಶಾಲೆಗೆ ಹೋದಳೇ ಎಂದು ಕೇಳುತ್ತಿದ್ದರು. ಒಮ್ಮೆ ಮಗನ ಗೆಳೆಯರನ್ನು ಬೈದು ಹೊರಡಿಸಿ ಪರೀಕ್ಷೆ ಮಾಡಿಸಿದರು. ಅವರಲ್ಲಿ ಒಬ್ಬನದು ಓ ನೆಗೆಟಿವ್ ಬಂತು. ಇನ್ನೊಮ್ಮೆ ತಾವೇ ಹೊಸಪೇಟೆಗೆ ಬಂದು ಕೈ ಚಾಚಿದರು. ವಯಸ್ಸು ಮೀರಿದೆ, ನಿಮ್ಮ ಮೈಯಲ್ಲೇ ರಕ್ತ ಕಡಿಮೆ ಇದೆ ಎಂದು ನರ್ಸು ತಿರುಗಿ ಕಳಿಸಿದಳು. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ, "ನೋಡವ್ವ, ನನ್ನ ರಕ್ತನೂ ಯಾರಿಗೂ ಬ್ಯಾಡಾತು," ಎಂದು ನಕ್ಕರು. ನಾನು ಚಹಾ ತರಲು ಹೋದೆ.

ಹುಡುಗಿ ಐದನೇ ಕ್ಲಾಸಿಗೆ ಬಂದ ವರ್ಷ ಏನೋ ತಪ್ಪತೊಡಗಿತು. ರಕ್ತ ಹಾಕಿಸಿದ ವಾರಕ್ಕೇ ಅವಳ ಮಾತು ನಿಲ್ಲುತ್ತಿತ್ತು. ಮೂರು ವಾರ ಬರಬೇಕಾದದ್ದು ಒಂದು ವಾರಕ್ಕೂ ಬರಲಿಲ್ಲ. ಒಂದು ಸಲ ಹಾಕುತ್ತಿರುವಾಗಲೇ ಚಳಿ ಬಂದು ನಡುಗಿದಳು, ಅರ್ಧಕ್ಕೇ ನಿಲ್ಲಿಸಿದರು. ದಾವಣಗೆರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ ಮರುದಿನ ಭಾಯ್ ನೇರ ಕಾಲೇಜಿಗೇ ಬಂದರು. ಆವರೆಗೆ ಅವರು ಕಾಲೇಜಿನ ಗೇಟು ದಾಟಿದವರಲ್ಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು.

"ಡಾಕ್ಟರು ಹೊಸಾ ಅಕ್ಷರ ಹೇಳ್ಯಾರ ಮೇಡಂ," ಎಂದು ಮಡಚಿದ ಚೀಟಿ ಕೊಟ್ಟರು. "ಗುಂಪು ಒಂದ ಕೂಡಿದ್ರ ಸಾಲೂದಿಲ್ಲಂತ."

ನಾನು ಓದಿದೆ. ಅಷ್ಟು ವರ್ಷ ಅಷ್ಟು ಜನರ ರಕ್ತ ಹರಿದು, ಅವಳ ಮೈ ಹೊರಗಿನ ರಕ್ತವನ್ನು ಗುರುತು ಹಿಡಿದು ಹೊಡೆಯಲು ಕಲಿತುಬಿಟ್ಟಿತ್ತು. ಓ ನೆಗೆಟಿವ್ ಎಂಬುದರ ಒಳಗೆ ಇನ್ನೂ ಸಣ್ಣ ಸಣ್ಣ ಗುರುತುಗಳಿರುತ್ತವೆ. ಚೀಟಿಯಲ್ಲಿ ಅಂಥ ಮೂರು ಗುರುತುಗಳ ಅಕ್ಷರಗಳಿದ್ದವು. ಇನ್ನು ಮುಂದೆ ಈ ಗುರುತುಗಳು ಇಲ್ಲದ ರಕ್ತವೇ ಅವಳಿಗೆ ಆಗಬೇಕು.

"ಇದನ್ನೂ ಅದರಾಗ ಹಾಕ್ರಲ್ಲ," ಎಂದರು ಭಾಯ್, ಕಂಪ್ಯೂಟರಿನ ಕಡೆ ಗದ್ದ ಎತ್ತಿ. ಅವರ ದನಿಯಲ್ಲಿ ಧೈರ್ಯವಿತ್ತು. ನನ್ನ ಸೋಸುವಿಕೆಯ ಮೇಲೆ ಅವರಿಗಿದ್ದ ನಂಬಿಕೆ ನನಗೂ ಇರಲಿಲ್ಲ.

ಹಾಕಿದೆ. ಪ್ರತಿಯೊಬ್ಬರ ದಾಖಲೆಗೂ ಮೂರು ಹೊಸ ಜಾಗ ಸೇರಿಸಿದೆ. ಯಾರ ಹೆಸರಿನ ಮುಂದೆಯೂ ಅಲ್ಲಿ ಬರೆಯಲು ಏನೂ ಇರಲಿಲ್ಲ, ಏಕೆಂದರೆ ಆ ಪರೀಕ್ಷೆಯನ್ನು ಅವರಲ್ಲಿ ಯಾರಿಗೂ ಮಾಡಿರಲಿಲ್ಲ. ಷರತ್ತು ಬರೆದು ಓಡಿಸಿದೆ. ಹೌದು ಎಂಬ ರಾಶಿ ಖಾಲಿ. ಹೂವಿನ ವ್ಯಾಪಾರಿ, ಕೂಡ್ಲಿಗಿಯ ಮೇಷ್ಟ್ರು, ತಂಬ್ರಹಳ್ಳಿಯವನು, ಇಟ್ಟಿಗಿಯ ಸತ್ತುಹೋದ ಆ ಹುಡುಗ, ಅವನ ಗೆಳೆಯ, ಅಷ್ಟೂ ಜನ ಗೊತ್ತಿಲ್ಲದವರ ರಾಶಿಯಲ್ಲಿ ಬಿದ್ದಿದ್ದರು.

"ಎಷ್ಟು ಮಂದಿ ಬಂದ್ರು?"

"ಯಾರೂ ಬಂದಿಲ್ಲ ಭಾಯ್."

"ಇನ್ನೊಮ್ಮೆ ಒತ್ತಿ ನೋಡ್ರಿ."

ಒತ್ತಿದರೆ ಏನೂ ಬದಲಾಗುವುದಿಲ್ಲ ಎಂದು ನನಗೆ ಗೊತ್ತು. ಪಾಠ ಹೇಳುವಾಗ ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ಅದೇ ದಾಖಲೆ, ಅದೇ ಷರತ್ತು, ಅದೇ ಉತ್ತರ. ಆದರೂ ಒತ್ತಿದೆ. ಅವರು ನನ್ನ ಹೆಗಲ ಹಿಂದೆ ಬಗ್ಗಿ ನೋಡಿದರು. ಹಿಂದಿನ ಸಾಲಿನ ವಿದ್ಯಾರ್ಥಿನಿಯರು ಪ್ರಾಕ್ಟಿಕಲ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಪರದೆಯಲ್ಲಿ ಮತ್ತೆ ಅದೇ ಖಾಲಿ. ಭಾಯ್ ನಿಧಾನಕ್ಕೆ ಬೆನ್ನು ನೇರ ಮಾಡಿ, "ನೀವೇನು ಮಾಡ್ತೀರಿ ಪಾಪ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ನಾನು ಸುಮ್ಮನೆ ಕೂರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಅದರಿಂದ ಆದದ್ದೇನೂ ಇಲ್ಲ. ಆ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಸಿಕ್ಕಲ್ಲೆಲ್ಲ ಕೇಳಿದೆ. ನಮ್ಮ ಐದು ತಾಲೂಕಿನಲ್ಲಿ ಎಲ್ಲೂ ಇರಲಿಲ್ಲ. ರಕ್ತ ಕೊಡುವವರೇ ದಾವಣಗೆರೆಗೆ ಹೋಗಬೇಕು. ಒಬ್ಬೊಬ್ಬರಿಗೂ ಫೋನು ಮಾಡಿದೆ. ರಕ್ತ ಕೊಡಲು ಬಸ್ಸು ಹತ್ತುತ್ತಿದ್ದವರಿಗೆ, ಪರೀಕ್ಷೆಗಷ್ಟೇ ಅಷ್ಟು ದೂರ ಬನ್ನಿ ಎಂದರೆ ಅರ್ಥವಾಗಲಿಲ್ಲ. "ಕೊಡೂದಾದ್ರ ಕೊಡ್ತೀನ್ರಿ, ನನ್ನ ರಕ್ತದಾಗ ಏನು ತಪ್ಪು ಹುಡಕ್ತೀರಿ?" ಎಂದು ಕೂಡ್ಲಿಗಿಯ ಮೇಷ್ಟ್ರು ಕೇಳಿದರು. ಹೂವಿನವರು ಹೋದರು, ಅವರದು ಕೂಡಲಿಲ್ಲ. ಇಟ್ಟಿಗಿಯ ಗೆಳೆಯ ಹೋದ, ಅವನದೂ ಕೂಡಲಿಲ್ಲ. ಹೀಗೆ ಗೊತ್ತಿಲ್ಲದವರ ರಾಶಿಯಿಂದ ಒಬ್ಬೊಬ್ಬರೇ ಎದ್ದು ಅಲ್ಲ ಎಂಬ ರಾಶಿಗೆ ಹೋದರು. ಒಂದೊಂದು ಹೆಸರು ಸರಿಸುವಾಗಲೂ, ಇದನ್ನು ತಿಳಿಯದೇ ಇದ್ದಿದ್ದರೆ ಇನ್ನೊಂದಿಷ್ಟು ದಿನ ಆಸೆಯಾದರೂ ಉಳಿಯುತ್ತಿತ್ತು ಅನ್ನಿಸುತ್ತಿತ್ತು.

ಇಟ್ಟಿಗಿಯ ತಾಯಿಗೆ ಹೇಳಿದಾಗ ಆಕೆ, "ನನ್ನ ಮಗಂದು ಕೂಡ್ತಿತ್ತೇನು?" ಎಂದು ಕೇಳಿದರು.

"ಗೊತ್ತಿಲ್ಲವ್ವ."

"ಕೂಡ್ತಿತ್ತು ಅಂತ ಅನ್ನು."

"ಕೂಡ್ತಿತ್ತು ಯವ್ವಾ," ಎಂದೆ.

ಬೇಸಿಗೆ ಮುಗಿಯುವ ಮೊದಲು ಭಾಯ್ ಗ್ಯಾರೇಜು ಮುಚ್ಚಿದರು. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆ ಹತ್ತಿರವಾಗುತ್ತದೆ, ಅಲ್ಲೇ ಯಾರದೋ ಶೋರೂಮಿನಲ್ಲಿ ಸರ್ವಿಸ್ ಕೆಲಸ ಸಿಗುತ್ತದೆ ಎಂದರು. ಸ್ಪ್ಯಾನರುಗಳು, ಏರ್ ಪಂಪು, ಪಾತ್ರೆಗಳು ಎಲ್ಲವೂ ಒಂದು ಗೂಡ್ಸ್ ಆಟೋದಲ್ಲಿ ಹಿಡಿದವು. ಅವರ ಹೆಂಡತಿ ಬುರ್ಖಾದ ಮುಸುಕು ಸರಿಸಿ ನನ್ನ ಕೈ ಹಿಡಿದು ನಿಂತರು. ಹುಡುಗಿ ಮುಂದಿನ ಸೀಟಿನಲ್ಲಿ ಅಮ್ಮನ ಜಾಗ ಬಿಟ್ಟು ಒರಗಿ ಕೂತಿದ್ದಳು. ಅವತ್ತೂ ಅವಳಿಗೆ ಮಾತಿರಲಿಲ್ಲ. ಈಗ ನನ್ನ ಸ್ಕೂಟಿ ಕೆಟ್ಟರೆ ಬೇರೆ ಕಡೆ ಹೋಗುತ್ತೇನೆ.

ಈಚೆಗೆ ಒಂದು ಭಾನುವಾರ ದಾವಣಗೆರೆಗೆ ಹೋಗಿದ್ದೆ. ಅವಳನ್ನು ಮತ್ತೆ ವಾರ್ಡಿಗೆ ಸೇರಿಸಿದ್ದರು. ಗುರುತು ಕೂಡುವ ರಕ್ತದ ಒಂದು ಚೀಲ ಹುಬ್ಬಳ್ಳಿಯಿಂದ ಬರಬೇಕಾಗಿತ್ತು, ಬೆಳಿಗ್ಗೆಯಿಂದ ಕಾಯುತ್ತಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಅವಳು ದಿಂಬಿಗೆ ಒರಗಿದ್ದಳು. ಎತ್ತರವಾಗಿಲ್ಲ, ಮುಖದ ಮೂಳೆ ಅಗಲವಾಗಿದೆ. ನನ್ನನ್ನು ಕಂಡು ಕಣ್ಣಿನಲ್ಲೇ ನಕ್ಕಳು. ನಾನು ಸುಲಿದು ಕೊಟ್ಟ ಕಿತ್ತಳೆಯ ಒಂದು ತೊಳೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಟೀಚರ್, ನಿಮ್ಮ ಕಂಪ್ಯೂಟರಿನಾಗ ನನ್ನ ಹೆಸರು ಐತಿ?"

ಇರಲಿಲ್ಲ. ಅದರಲ್ಲಿದ್ದದ್ದು ಕೊಡುವವರ ಹೆಸರು ಮಾತ್ರ. ಯಾರಿಗಾಗಿ ಅದನ್ನು ಬರೆದೆನೋ ಅವಳಿಗೆ ಅಲ್ಲಿ ಜಾಗವೇ ಇರಲಿಲ್ಲ.

"ಕೊಡೂರ ಹೆಸರು ಅಷ್ಟ ಐತವ್ವ ಅದರಾಗ," ಎಂದೆ.

"ಹಂಗಾರ ಹಾಕ್ರಿ. ದೊಡ್ಡಾಕ್ಯಾದ ಮ್ಯಾಲ ನಾನೂ ಕೊಡ್ತೀನಿ. ನನ್ನಂಗ ಇರೂರಿಗೆ."

ಭಾಯ್ ಕಿಟಕಿಯ ಕಡೆ ತಿರುಗಿಕೊಂಡರು. ಈ ಕಾಯಿಲೆಯವರಿಂದ ಯಾರೂ ರಕ್ತ ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. "ಹಾಕ್ತೀನಿ," ಎಂದೆ. "ವಯಸ್ಸು ಎಷ್ಟಂತ ಹಾಕ್ಲಿ?" ಅವಳು ಖುಷಿಯಿಂದ ಒಂದು ವರ್ಷ ಹೆಚ್ಚಿಗೆ ಹೇಳಿದಳು.

ಚೀಲ ಬಂದದ್ದು ಮಧ್ಯಾಹ್ನದ ಊಟದ ಮೇಲೆ. ನರ್ಸು ಬಹಳ ನಿಧಾನಕ್ಕೆ ಶುರುಮಾಡಿದಳು. ಚಳಿ ಬರುತ್ತದೆಯೇ ಎಂದು ನಾವು ಮೂವರು ದೊಡ್ಡವರು ಅವಳ ಕಾಲನ್ನೇ ನೋಡುತ್ತ ನಿಂತೆವು. ಅವಳ ಅಮ್ಮ ಒಂದು ಪಾದವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಹುಡುಗಿಗೆ ನಿದ್ದೆ ಹತ್ತಿತು. ನನಗೆ ಹರಪನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿಯಬೇಕಿತ್ತು, ಹೊರಟೆ. ಬಸ್ಸು ಊರು ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುವಾಗ ಭಾಯ್ ಫೋನು ಮಾಡಿದರು.

"ಚಳಿ ಬಂದಿಲ್ಲ ಮೇಡಂ. ಪೂರ್ತಿ ಹೋತು."

"ಚಲೋ ಆತು ಭಾಯ್."

"ಮುಂದಿನ ಚೀಲದ್ದು ಇನ್ನೂ ಏನೂ ಹೇಳವಲ್ರು," ಎಂದರು. ಇಬ್ಬರೂ ಹಾಗೇ ಫೋನು ಹಿಡಿದುಕೊಂಡಿದ್ದೆವು, ಸಿಗ್ನಲ್ ಹೋಗುವವರೆಗೆ.